ಏನೂ ತ್ರಾಸಿಲ್ರಿ

ನನ್ನ ಗಂಡ ಬೀಡಿ ಬಿಟ್ಟರು ಅಂತ ಹುಬ್ಬಳ್ಳಿ–ನವಲಗುಂದ ಬಸ್ಸಿನಲ್ಲಿ ಕೂತವರಿಗೆಲ್ಲ ಪೇಡೆ ಹಂಚಿದವಳು ನಾನು. ಟಿಕೆಟ್ ಕೊಟ್ಟ ಕೈಯಿಂದಲೇ ಪೇಡೆ. "ಏನ್ ಕಸ್ತೂರಕ್ಕಾ, ಮಗಳ ಲಗ್ನ ನಿಕ್ಕಿ ಆತೇನು?" ಎಂದು ಕೇಳಿದವರಿಗೆ "ಅದಕ್ಕಿಂತ ದೊಡ್ಡದು ಆಗೇತಿ, ಸುಮ್ನ ತಿನ್ರಿ" ಎಂದಿದ್ದೆ. ಈಗ ಆ ಪೇಡೆ ನೆನಪಾದರೆ ಹೊಟ್ಟೆ ಉರಿಯುತ್ತದೆ. ಕಂಡಕ್ಟರ್ ಕೆಲಸ ಮಾಡಿ ಮಾಡಿ ನನಗೆ ಸಣ್ಣ ದನಿಯಲ್ಲಿ ಮಾತಾಡಲು ಬರುವುದಿಲ್ಲ. ಇದನ್ನೂ ಜೋರಾಗಿಯೇ ಹೇಳುತ್ತೇನೆ. ಯಾರಿಗಾದರೂ ಕಿವಿ ನೋವಾದರೆ ಆಗಲಿ. ನೋವಾಗುವುದು ಎಷ್ಟು ದೊಡ್ಡ ಪುಣ್ಯ ಅನ್ನುವುದು ನನಗೆ ಈ ವರ್ಷ ಗೊತ್ತಾಯಿತು.

ನಮ್ಮವರು, ಫಕೀರಪ್ಪ, ಗೋಕುಲ ರಸ್ತೆಯ ಕಡೆ ಒಂದು ಎರಕದ ಕಾರ್ಖಾನೆಯಲ್ಲಿದ್ದರು. ಕುಲುಮೆಯಿಂದ ಕರಗಿದ ಕಬ್ಬಿಣವನ್ನು ದೊಡ್ಡ ಪಾತ್ರೆಗೆ ತುಂಬಿಸಿಕೊಂಡು, ಆ ಕಡೆ ಒಬ್ಬ ಈ ಕಡೆ ಒಬ್ಬ ಹಿಡಿಕೆ ಹಿಡಿದು ಹೋಗಿ ಅಚ್ಚಿಗೆ ಸುರಿಯುವ ಕೆಲಸ. ಆ ಕಡೆಯ ಹಿಡಿಕೆ ಯಾವಾಗಲೂ ಮೌಲಾಲಿಯದು. ಇಬ್ಬರೂ ಒಂದೇ ವರ್ಷ ಸೇರಿದವರು. ಒಂದು ಸಲ ಸುರಿದು ಬಂದರೆ ಒಂದು ಬೀಡಿ. ಅದನ್ನು ಕೆಂಪಗೆ ಕಾದ ಕಬ್ಬಿಣದ ಚೂರಿಗೆ ತಾಗಿಸಿ ಹೊತ್ತಿಸಿ, ಅರ್ಧ ಇವರು, ಅರ್ಧ ಅವನು. ಅಲ್ಲಿ ಎಲ್ಲ ಜೋಡಿಗಳದೂ ಅದೇ ಪದ್ಧತಿ. ಇಡೀ ಬೀಡಿಯನ್ನು ಒಬ್ಬನೇ ಸೇದುವವನನ್ನು ಅಲ್ಲಿ ಮನುಷ್ಯ ಅನ್ನುವುದಿಲ್ಲ. "ಜೋಡಿ ಬಿಟ್ಟು ಸೇದಿದವ ಪಾತ್ರಿ ಬಿಟ್ಟು ಓಡತಾನ" ಎಂದು ನಮ್ಮವರು ಹೇಳುತ್ತಿದ್ದರು.

ಮುಂಜಾನೆ ನಮ್ಮವರು ಕೆಮ್ಮಿದರೆ ಪಕ್ಕದ ಮನೆಯವರು ಏಳುತ್ತಿದ್ದರು. ಎಕ್ಸರೇ ತೆಗೆದ ಡಾಕ್ಟರು ಫಿಲ್ಮನ್ನು ನನ್ನ ಕಡೆ ತಿರುಗಿಸಿ, "ಹಿಂಗ ನಡದ್ರ ಎಲ್ಡು ಮೂರು ವರ್ಷರಿ" ಎಂದರು. ಆಗಲೇ ಆ ಹೊಸ ಗುಳಿಗೆಯ ಸುದ್ದಿ ಕಾರ್ಖಾನೆಗೆ ಬಂತು. ಹೆಸರು 'ವಿರಾಮ'. ಇನ್ನೂ ಅಂಗಡಿಗೆ ಬಂದಿಲ್ಲ, ಪರೀಕ್ಷೆ ನಡೆದಿದೆ, ಬೀಡಿ ಸೇದುವವರು ಬೇಕು. ನಾನೇ ರಜೆ ಹಾಕಿ ಇಬ್ಬರನ್ನೂ ಕರೆದುಕೊಂಡು ಹೋದೆ.

ಆಸ್ಪತ್ರೆಯ ಹಿಂದೆ ಹೊಸ ಕಟ್ಟಡ. ಒಳಗೆ ಹೋದರೆ ತಣ್ಣಗೆ. ಗೋಡೆ ತುಂಬ ಒಂದು ಪರದೆ, ಅದರ ತುಂಬ ಹಸಿರು, ಕೆಂಪು ಚುಕ್ಕಿ. ಡಾ. ಉಪಾಧ್ಯೆ ಅಂತ ಹುಡುಗನಂಥ ಡಾಕ್ಟರು. ಒಳ್ಳೆಯ ಮನುಷ್ಯ, ಅದನ್ನು ಇವತ್ತಿಗೂ ಇಲ್ಲ ಅನ್ನುವುದಿಲ್ಲ. ನಮ್ಮೆದುರು ಕೂತು, ಗಡಿಬಿಡಿ ಮಾಡದೆ ತಿಳಿಸಿ ಹೇಳಿದರು.

"ನೋಡ್ರಿ ಕಸ್ತೂರಿಬಾಯಿ, ನಮ್ಮ ಮೆದುಳಿನಾಗ ಇನ್ಸುಲಾ ಅಂತ ಒಂದು ಭಾಗ ಅದ. ಮೈಯೊಳಗಿನ ಸುದ್ದಿ ಎಲ್ಲಾ ಅಲ್ಲಿಗೆ ಬರ್ತದ. ಬೀಡಿ ಬೇಕು, ಬೀಡಿ ಬೇಕು ಅಂತ ಮೈ ಒದರ್ತದಲ್ಲ, ಅದೂ ಅಲ್ಲೇ ಕೇಳಿಸ್ತದ. ಲಕವಾ ಹೊಡೆದು ಆ ಭಾಗ ಕೆಟ್ಟವರು ಕೆಲವರು ಒಮ್ಮೆಲೇ ಸಿಗರೇಟ್ ಮರತಬಿಟ್ಟಿದ್ದರು. ಬಿಡಬೇಕು ಅಂತ ಬಿಟ್ಟದ್ದಲ್ಲ, ನೆನಪೇ ಆಗಲಿಲ್ಲ. ನಮ್ಮ ಗುಳಿಗಿ ಆ ಕಿವಿಗೆ ಸ್ವಲ್ಪ ಅರಳಿ ಇಡ್ತದ, ಅಷ್ಟ."

ಅರ್ಧ ಜನಕ್ಕೆ ಖರೆ ಗುಳಿಗೆ, ಅರ್ಧ ಜನಕ್ಕೆ ಬರೀ ಹಿಟ್ಟಿನ ಗುಳಿಗೆ. ಯಾರಿಗೆ ಯಾವುದು ಎಂಬುದು ಡಾಕ್ಟರಿಗೂ ಗೊತ್ತಿರುವುದಿಲ್ಲ, ದೂರದಲ್ಲಿರುವ ಕಂಪನಿಗೆ ಮಾತ್ರ ಗೊತ್ತು. ಎರಡೂ ಗುಂಪು ಹೋಲಿಸಿ ನೋಡಿದರೆ ಔಷಧಿಯ ಗುಣ ಎಷ್ಟು, ದೋಷ ಎಷ್ಟು ಅಂತ ತಿಳಿಯುತ್ತದಂತೆ. ಆಮೇಲೆ ಇಬ್ಬರ ಕೈಗೂ ಒಂದು ಪಟ್ಟಿ ಕಟ್ಟಿದರು. ಕೈ ಬಾಯಿಯ ಹತ್ತಿರ ಹೋಗಿ ನಿಂತರೆ ಅದು ಕಿರ್ರ್ ಅಂತ ಒದರುತ್ತದೆ, ಇಲ್ಲಿ ಗೋಡೆಯ ಮೇಲೆ ಚುಕ್ಕಿ ಕೆಂಪಾಗುತ್ತದೆ. ಬೀಡಿಗೂ ಲೋಟಕ್ಕೂ ಅದಕ್ಕೆ ವ್ಯತ್ಯಾಸ ತಿಳಿಯುವುದಿಲ್ಲವಾದ್ದರಿಂದ ಊಟಕ್ಕೆ, ನೀರಿಗೆ ಮೊದಲು ಪಕ್ಕದ ಸಣ್ಣ ಗುಂಡಿ ಒತ್ತಬೇಕು, ಆಗ ಸುಮ್ಮನಿರುತ್ತದೆ.

"ಕೈಗವಸ ಹಾಕ್ಕೊಂಡು ಈ ಗುಂಡಿ ಹೆಂಗ್ರೀ ಒತ್ತೂದು?" ಎಂದು ಮೌಲಾಲಿ ಕೇಳಿದ.

"ಆದಷ್ಟು ಒತ್ರಿ" ಎಂದರು ಡಾಕ್ಟರು.

ಮೊದಲ ವಾರ ನಮ್ಮ ಮನೆಯಲ್ಲಿ ನಗುವೋ ನಗು. ನಮ್ಮವರು ಕೆಲಸದಿಂದ ಬಂದವರೇ, ಚಪ್ಪಲಿ ಬಿಡುವುದಕ್ಕೂ ಮೊದಲು, ಬಾಗಿಲಲ್ಲಿಟ್ಟ ನೀರಿನ ಚರಿಗೆ ಎತ್ತಿ ಗಟಗಟ ಕುಡಿಯುವವರು. ಚರಿಗೆ ಎತ್ತಿದರೆ ಪಟ್ಟಿ ಕಿರ್ರ್. "ಏ ನಿನ್ನ, ನೀರಲೇ ಇದು!" ಎಂದು ಪಟ್ಟಿಗೇ ಬೈಯುತ್ತಿದ್ದರು. ಆಮೇಲೆ ನಿಧಾನವಾಗಿ ಬೀಡಿ ನಿಂತಿತು. ಜೇಬಿನಲ್ಲಿ ಕಟ್ಟು ಹಾಗೇ ಇತ್ತು, ಬೆಂಕಿಪೆಟ್ಟಿಗೆ ಹಾಗೇ ಇತ್ತು, ಇವರಿಗೆ ಅದರ ಕಡೆ ಲಕ್ಷ್ಯವೇ ಇಲ್ಲ. ಮೌಲಾಲಿಯೂ ಬಿಟ್ಟ. ಗೋಡೆಯ ಮೇಲೆ ಇಬ್ಬರ ಚುಕ್ಕಿಯೂ ಹಸಿರು. ಆ ಸಂತೋಷಕ್ಕೇ ಪೇಡೆ.

ಬೀಡಿಯ ಜೊತೆಗೆ ಇನ್ನೂ ಕೆಲವು ಬಿಟ್ಟುಹೋದವು. "ಪಲ್ಯಾಕ್ಕ ಉಪ್ಪ ಹಾಕೂದು ಮರತೇನು?" ಎಂದು ದಿನಾ ಜಗಳ ತೆಗೆಯುತ್ತಿದ್ದ ಮನುಷ್ಯ, ಒಂದು ದಿನ ನಾನು ಖರೇನೇ ಉಪ್ಪು ಮರೆತರೂ ಸುಮ್ಮನೆ ಉಂಡು ಎದ್ದರು. ಒಲೆಯಿಂದ ಇಳಿಸಿದ ಚಹಾವನ್ನು ಊದದೆ ಕುಡಿದರು. ಮರುದಿನ ನೋಡಿದರೆ ನಾಲಗೆಯ ಮೇಲೆ ಬೊಬ್ಬೆ. "ಸುಡಲಿಲ್ಲೇನ್ರೀ?" ಅಂದರೆ, "ಸುಟ್ಟಿರಬೇಕು" ಅಂದರು. ಗಂಡ ಸಂತನಾದ ಅಂತ ನಾನು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಒಂದು ಸಂಜೆ ಬಾಗಿಲ ಚರಿಗೆಯಲ್ಲಿ ಸತ್ತ ಇರುವೆ ತೇಲುತ್ತಿತ್ತು. ಬೆಳಿಗ್ಗೆ ತುಂಬಿಟ್ಟದ್ದು ತುಂಬಿದ ಹಾಗೇ ಇದೆ. ಹಿಂದಿನ ದಿನದ್ದೂ ಹಾಗೇ ಚೆಲ್ಲಿದ್ದೆ ಅನ್ನುವುದು ಆಗ ಹೊಳೆಯಿತು.

"ರೀ, ನೀವು ನೀರು ಕುಡಿಯಾಕತ್ತೀರೋ ಇಲ್ಲೋ?"

"ನೀರಡಿಕಿ ಆದ್ರ ಕುಡೀತೇನಿ."

"ಆಗೂದಿಲ್ಲೇನು? ಇಡೀ ದಿನ ಬೆಂಕಿ ಮುಂದ ನಿಂತು?"

ಅವರು ಯೋಚನೆ ಮಾಡಿದರು. ಖರೇನೇ ಯೋಚನೆ ಮಾಡಿದರು, ಒಳಗೆ ಹುಡುಕಿದ ಹಾಗೆ. ಆಮೇಲೆ "ಇಲ್ಲ" ಅಂದರು.

ಮುಂದಿನ ತಪಾಸಣೆಗೆ ನಾನೂ ಹೋಗಿ ಕೂತೆ. ಡಾಕ್ಟರು ಪ್ರತಿ ಸಲದಂತೆ ಕೇಳಿದರು.

"ಏನರ ತ್ರಾಸ ಅದ ಏನು ಫಕೀರಪ್ಪ?"

"ಏನೂ ತ್ರಾಸಿಲ್ರಿ."

"ತಲಿನೋವು? ಸಂಕಟ? ಎದಿ ಡವಡವ?"

"ಏನೂ ಇಲ್ರಿ."

ನಾನು ಎದ್ದು ನಿಂತೆ. "ಅವರಿಗೆ ತ್ರಾಸ ಇಲ್ಲದ್ದ ತ್ರಾಸ ಆಗೇತ್ರಿ ಸಾಹೇಬ್ರ. ನೀರ ಕುಡಿಯವಲ್ರು. ಬಾಯಿ ಸುಟ್ರೂ ತಿಳಿಯವಲ್ದು. ತುಟಿ ನೋಡ್ರಿ, ಒಡದು ರಕ್ತ ಬಂದೈತಿ."

ಡಾಕ್ಟರು ತುಟಿ ನೋಡಿದರು, ಮುಖ ಗಂಭೀರ ಮಾಡಿಕೊಂಡರು, ಕಂಪನಿಗೆ ಫೋನು ಹಚ್ಚಿದರು. ಪರದೆಯ ಮೇಲೆ ಒಬ್ಬ ಮೇಡಂ ಬಂದರು. ಪುಸ್ತಕದ ಕನ್ನಡ, ನಗುಮುಖ. ಆಕೆ ಏನೋ ಒತ್ತಿ ನೋಡಿ ಹೇಳಿದರು: "ಇಂತಹ ಮಾತು ಬೇರೆ ಕೆಲವರ ಮನೆಯವರಿಂದಲೂ ಬಂದಿದೆ. ಆದರೆ ಎರಡೂ ಗುಂಪಿನಲ್ಲಿ ಸಮಸಮವಾಗಿದೆ. ಬರೀ ಹಿಟ್ಟು ತಿಂದವರಲ್ಲೂ ಅಷ್ಟೇ ಇದೆ ಎಂದ ಮೇಲೆ ಅದಕ್ಕೆ ಔಷಧಿ ಕಾರಣವಲ್ಲ. ಬೇಸಿಗೆ ಇರಬಹುದು. ನೀರು ಕುಡಿಯಲು ನೆನಪಿಸುತ್ತಿರಿ."

"ನೆನಪು ಮಾಡಾಕ ನಾ ಏನು ಕುಲುಮಿ ಮುಂದ ಕುಂದರ್ಲೇನ್ರಿ?" ಎಂದೆ. ಆಕೆ ಇನ್ನೂ ಸ್ವಲ್ಪ ನಕ್ಕರು. ಆ ನಗುವಿಗೆ ಒಂದು ಬಾರಿಸಬೇಕು ಅನ್ನಿಸಿತು. ಗಾಜಿನ ಪರದೆ, ಏನು ಬಾರಿಸುತ್ತೀರಿ. ಡಾಕ್ಟರ ಕಡೆ ತಿರುಗಿ, "ಇವತ್ತಿಗೆ ಗುಳಿಗಿ ಬಂದ್ ಮಾಡಸ್ರಿ" ಎಂದೆ. "ಬಿಡೂದು ಅವರ ಇಚ್ಛಾರಿ" ಎಂದರು ಡಾಕ್ಟರು. ನಮ್ಮವರು ನನ್ನ ಮೇಲೆ ರೇಗದೆ, ಮೆತ್ತಗೆ, "ಬಿಟ್ರ ಮತ್ತ ಬೀಡಿ ಬರತೈತಿ. ಎಕ್ಸರೇ ಮರತಿ ಏನು?" ಅಂದರು.

ಅವತ್ತಿನಿಂದ ಬಸ್ಸು ಯಾವ ಸ್ಟ್ಯಾಂಡಿಗೆ ಬಂದರೂ ಫೋನು ಮಾಡುತ್ತಿದ್ದೆ. "ಕುಡೀರಿ. ನಾ ಕೇಳಸ್ಕೊಂಡ ಫೋನ ಇಡತೇನಿ." ಗಟಗಟ ಸದ್ದು, ಹಿಂದೆಯೇ ಪಟ್ಟಿಯ ಕಿರ್ರ್. ಆ ಕಿರ್ರ್ ಕೇಳಿದರೆ ನನಗೆ ಜೀವ ಬರುತ್ತಿತ್ತು. ಆದರೆ ಸುರಿಯುವ ಹೊತ್ತಿನಲ್ಲಿ ಫೋನು ಇಟ್ಟುಕೊಳ್ಳುವಂತಿಲ್ಲ. ಮೇ ತಿಂಗಳು. ನವಲಗುಂದದ ಬಯಲಿನಲ್ಲಿ ಬಸ್ಸಿನ ತಗಡು ಮುಟ್ಟಿದರೆ ಕೈ ಸುಡುತ್ತಿತ್ತು, ಇನ್ನು ಕುಲುಮೆಯ ಮುಂದೆ ಹೇಗಿರಬೇಡ.

ಒಂದು ಮಧ್ಯಾಹ್ನ ಫೋನು ಎತ್ತಿದ್ದು ಮೌಲಾಲಿ. "ವೈನಿ, ಗಾಬರಿ ಆಗಬ್ಯಾಡ್ರಿ. ಫಕೀರಣ್ಣ ಬಿದ್ದಾನ. ಪಾತ್ರಿ ಖಾಲಿ ಮಾಡೇ ಬಿದ್ದಾನ, ಸುಟ್ಟಿಲ್ಲ. ದವಾಖಾನಿಗೆ ಒಯ್ಯಾಕತ್ತೇವಿ."

ದುಡ್ಡಿನ ಚೀಲವನ್ನು ಕಂಟ್ರೋಲರಿಗೆ ಕೊಟ್ಟು ಸಿಕ್ಕ ಬಸ್ಸು ಹತ್ತಿದೆ. ಹೋಗುವಷ್ಟರಲ್ಲಿ ನಮ್ಮವರನ್ನು ಒಳಗೆ ಹಾಕಿ, ಮೈಗೆಲ್ಲ ಮಂಜುಗಡ್ಡೆ ಇಟ್ಟಿದ್ದರು. ಮೈಯಲ್ಲಿ ನೀರು ಆರಿಹೋಗಿದೆ, ಮೂತ್ರಪಿಂಡ ನಿಂತಿವೆ ಎಂದರು. ಕೈಪಟ್ಟಿಯ ಸಣ್ಣ ದೀಪ ಮಾತ್ರ ಹಸಿರಾಗಿ ಹೊಳೆಯುತ್ತಿತ್ತು.

ಬಾಗಿಲ ಹೊರಗೆ ಮೌಲಾಲಿ ನಿಂತಿದ್ದ. "ವೈನಿ, ನಿಮಗ ಒಂದು ಹೇಳಬೇಕು" ಎಂದ. "ಗುಳಿಗಿ ನಾವು ಹಂಚ್ಕೊಂಡು ತಿಂತಿದ್ವಿ. ಅವಂದು ಅರ್ಧ ನನಗ, ನಂದು ಅರ್ಧ ಅವಗ. ಒಬ್ಬವಗ ಖರೇದು, ಒಬ್ಬವಗ ಹಿಟ್ಟು ಅಂದ್ರ ಅದ್ಯಾವ ನ್ಯಾಯ ವೈನಿ? ಒಬ್ಬವ ಉಳದು ಒಬ್ಬವ ಕೆಮ್ಮಿ ಸಾಯೂದೇನು? ಕಾರ್ಖಾನಿಯಾಗ ಎಲ್ಲಾ ಜೋಡಿ ಹಂಗ ಮಾಡ್ಯಾರ. ಡಾಕ್ಟರಿಗೆ ಹೇಳಿದ್ರ ತಗದು ಹಾಕತಾರಂತ ಹೇಳಿಲ್ಲ."

ಎರಡೂ ಗುಂಪಿನಲ್ಲಿ ಸಮಸಮ! ಯಾಕೆ ಸಮಸಮ ಅಂತ ನನಗೆ ಆಗ ತಿಳಿಯಿತು. ಹಿಟ್ಟಿನ ಗುಂಪಿನವರ ಹೊಟ್ಟೆಗೂ ಖರೆ ಗುಳಿಗೆ ಹೋಗಿತ್ತು. ಬೈಯಲು ಬಾಯಿ ತೆರೆದವಳು ಅವನ ಅಂಗಿ ನೋಡಿ ನಿಲ್ಲಿಸಿದೆ. ಮೇ ತಿಂಗಳು, ಕುಲುಮೆಯಿಂದ ಎದ್ದು ಬಂದ ಮನುಷ್ಯ. ಅಂಗಿಯ ಮೇಲೆ ಒಂದು ಹನಿ ಬೆವರಿಲ್ಲ. ಕೈ ಮುಟ್ಟಿದರೆ ಕಾದ ಹೆಂಚು.

"ಸಿಸ್ಟರ್! ಇವನ್ನೂ ನೋಡ್ರಿ, ಇವನ್ನೂ ಮಲಗಸ್ರಿ!" ಎಂದು ಕೂಗಿದೆ. ಸಿಸ್ಟರ್ ಓಡಿ ಬಂದರು.

"ಏನಾಗ್ತದ ನಿಮಗ?"

"ನನಗೇನ್ರಿ? ಏನೂ ತ್ರಾಸಿಲ್ರಿ" ಎಂದ ಮೌಲಾಲಿ. ನಕ್ಕ ಕೂಡ.

ಒಳಗೆ ಯಾರೋ ಕರೆದರು, ಸಿಸ್ಟರ್ "ಬಂದೆ, ಬಂದೆ" ಎಂದು ಹೋದರು. ನಾನು ಅವನನ್ನು ಗೋಡೆಗೆ ಆನಿಸಿ ಕೂರಿಸಿ, "ಕದಲಿದ್ರ ನೋಡು ಮತ್ತ" ಎಂದು ಹೆದರಿಸಿ ನೀರು ತರಲು ಓಡಿದೆ. ಬಾಟ್ಲಿ ಹಿಡಿದು ಬಂದಾಗ ಹೇಳಿದ ಮಾತು ಕೇಳಿದವನ ಹಾಗೆ ಅಲ್ಲೇ ಕೂತಿದ್ದ. ಕಣ್ಣು ತೆರೆದೇ ಇತ್ತು. ಒಂದು ನರಳಾಟವಿಲ್ಲ, ಎದೆ ಹಿಡಿದುಕೊಂಡಿಲ್ಲ. ಅಷ್ಟೂ ಡಾಕ್ಟರು, ಅಷ್ಟೂ ನರ್ಸುಗಳು ಓಡಾಡುವ ಜಾಗದಲ್ಲಿ, ದೂರು ಇಲ್ಲ ಅನ್ನುವ ಒಂದೇ ಕಾರಣಕ್ಕೆ ಒಬ್ಬ ಮನುಷ್ಯ ಸತ್ತುಹೋದ. ನಾನು ಚೀರಿದ ಚೀರಾಟವನ್ನು ಆ ಆಸ್ಪತ್ರೆಯ ಗೋಡೆಗಳು ಇನ್ನೂ ಮರೆತಿರಲಿಕ್ಕಿಲ್ಲ.

ಅವನ ಹೆಂಡತಿ ಹಸೀನಾ ಬಂದು ಕೇಳಿದ್ದು ಒಂದೇ: "ಅಕ್ಕಾ, ಹೋಗೂ ಮುಂದ ಅವರು ಏನರ ಅಂದ್ರೇನು? ನೀರ ಬೇಕು ಅಂತರ ಅಂದ್ರೇನು?"

ಡಾ. ಉಪಾಧ್ಯೆ ನನ್ನನ್ನು ಆ ತಣ್ಣನೆಯ ಕೋಣೆಗೆ ಕರೆದರು. ಗೋಡೆಯ ಮುಂದೆ ನಿಂತು ಹಳೆಯ ಚುಕ್ಕಿಗಳನ್ನೆಲ್ಲ ತಿರುಗಿಸಿ ನೋಡಿದ್ದರು. ಮುಖ ಬಿಳಿಚಿತ್ತು.

"ಕಸ್ತೂರಿಬಾಯಿ, ಮೊದಲ ವಾರ ಕಾರ್ಖಾನಿಯಿಂದ ಬಂದ ಕೆಂಪು ಚುಕ್ಕಿಯೊಳಗ ಎಷ್ಟೋ ಬೀಡಿ ಅಲ್ಲವೇ ಅಲ್ಲ. ನೀರು. ಕೈಗವಸದಾಗ ಗುಂಡಿ ಒತ್ತಲಾರದ ಕುಡಿದ ನೀರು. ಆ ಕೆಂಪು ಕಡಿಮಿ ಆದಂಗ ನಾವು ಔಷಧ ಗೆದ್ದಿತು ಅಂತ ಖುಷಿಪಟ್ವಿ. ಪಟ್ಟಿಗೆ ಮೈ ಕಾವೂ ತಿಳೀತದ, ನಾಡಿನೂ ತಿಳೀತದ. ಅವತ್ತು ಇಬ್ಬರ ಮೈ ಕಾದದ್ದೂ ಇಲ್ಲಿ ಅದ ನೋಡ್ರಿ. ಆದರ ಹೊಗಿಗೆ ಮಾತ್ರ ಒದರು ಅಂತ ಅದಕ್ಕ ಹೇಳಿದ್ವಿ."

"ಅದು ಹೇಳಿದಂಗ ಕೇಳೇತಿ. ನಾನೂ ಹೇಳಿದ್ದೆ, ನೀವು ಕೇಳಲಿಲ್ಲ" ಎಂದೆ. ಅವರು ತಲೆ ತಗ್ಗಿಸಿದರು. ತಗ್ಗಿಸಿದ ತಲೆ ಕಟ್ಟಿಕೊಂಡು ನಾನೇನು ಮಾಡಲಿ!

ಕಂಪನಿಯ ಮೇಡಂ ಮತ್ತೆ ಪರದೆಗೆ ಬಂದರು. ಈ ಸಲ ನಗಲಿಲ್ಲ. "ಫಕೀರಪ್ಪನವರು ಹಿಟ್ಟಿನ ಗುಳಿಗೆಯ ಗುಂಪಿನಲ್ಲಿದ್ದರು. ಅವರು ಔಷಧಿಯನ್ನು ಸೇವಿಸಿಯೇ ಇಲ್ಲ" ಎಂದರು. ಹಂಚಿಕೊಂಡು ತಿಂದ ಮಾತನ್ನು ಹೇಳಿದೆ. "ಹಾಗಾದರೆ ಅದು ನಿಯಮಭಂಗ. ಇಬ್ಬರನ್ನೂ ಪರೀಕ್ಷೆಯಿಂದ ಕೈಬಿಡಲಾಗುತ್ತದೆ" ಎಂದರು. ಹಂಚಿಕೊಂಡಿಲ್ಲ ಅಂದರೆ ಔಷಧಿ ತಿಂದಿಲ್ಲ, ಹಂಚಿಕೊಂಡರು ಅಂದರೆ ತಪ್ಪು ಅವರದು. ಹೊಕ್ಕರೂ ಅವರದೇ ಬಾಗಿಲು, ಹೊರಟರೂ ಅವರದೇ ಬಾಗಿಲು. ಮೌಲಾಲಿ ಸತ್ತದ್ದು ಯಾವ ಗುಂಪಿಗೂ ಸೇರಲಿಲ್ಲ.

ನಮ್ಮವರು ಬದುಕಿದರು. ವಾರಕ್ಕೆ ಎರಡು ಸಲ ಯಂತ್ರಕ್ಕೆ ಹಚ್ಚಿ ರಕ್ತ ತೊಳೆಸಬೇಕು. ಮೌಲಾಲಿ ಹೋದ ಸುದ್ದಿ ಹೇಳಿದಾಗ "ಹೌದಾ" ಎಂದರು, ಗೋಡೆ ನೋಡುತ್ತ ಮಲಗಿದರು. ಆ "ಹೌದಾ" ಕೇಳಿ ನನಗೆ ಅವರ ಮೇಲೂ ಸಿಟ್ಟು ಬಂತು, ಆಮೇಲೆ ಅಳು ಬಂತು. ಮೈಯ ಸುದ್ದಿ ಕೇಳುವ ಕಿವಿಗೆ ಅರಳೆ ಇಟ್ಟರೆ ಮನಸ್ಸಿನದೂ ಕೇಳುವುದಿಲ್ಲವೇನೋ.

ಗುಳಿಗೆ ನಿಂತ ಮೇಲೆ ಆ ಅರಳೆ ಮೆಲ್ಲಗೆ ಕರಗಿತು. ಒಂದು ಮುಂಜಾನೆ ಚಹಾ ಕುಡಿದವರು "ಹಾಂ, ಸುಡತೈತಿ" ಅಂದರು. ನಾನು ಸಂತೋಷದಿಂದ ಕೈ ಮುಗಿದೆ. ಅದೇ ಸಂಜೆ ಮೌಲಾಲಿಯ ಹೆಸರು ಹಿಡಿದು ಗೋಳೋ ಎಂದು ಅತ್ತರು. ಮರುದಿನ ನೀರಡಿಕೆ ಬಂತು.

ಈಗ ಬಂತು ನೋಡಿ. ಮೂತ್ರಪಿಂಡ ಸತ್ತವರು ಬೇಕಾದಷ್ಟು ನೀರು ಕುಡಿಯುವಂತಿಲ್ಲ. ದಿನಕ್ಕೆ ಎರಡು ಲೋಟ, ಗುಳಿಗೆ ನುಂಗುವುದೂ ಅದರಲ್ಲೇ. "ಕಸ್ತೂರಿ, ಒಂದು ಗುಟುಕ. ಒಂದ ಗುಟುಕವ್ವಾ" ಎಂದು ಕೈ ಹಿಡಿಯುತ್ತಾರೆ. ಸ್ಟ್ಯಾಂಡಿನಿಂದ ಸ್ಟ್ಯಾಂಡಿಗೆ ಫೋನು ಮಾಡಿ ಕುಡಿಸಿದ ನಾನು, ಈಗ ಚರಿಗೆ ಬಚ್ಚಿಡುತ್ತೇನೆ. ಕೊಡದವಳೂ ನಾನೇ. ಯಾರ ಮೇಲೆ ಈ ಸಿಟ್ಟು ತೀರಿಸಲಿ?

ಯಂತ್ರಕ್ಕೆ ಹೋಗುವ ದಾರಿ ಆ ಹೊಸ ಕಟ್ಟಡದ ಮುಂದೆಯೇ. ಮೊನ್ನೆ ಹೋದಾಗ ಕೆಳಗಿನ ಪಡಸಾಲೆಯಲ್ಲಿ ಬೆಂಚು ತುಂಬ ಗಂಡಸರು. ಹಮಾಲರು, ಲಾರಿಯವರು, ಕಟ್ಟಡ ಕೆಲಸದವರು. ಎಲ್ಲರ ಕೈಯಲ್ಲೂ ಪಟ್ಟಿ. ಪರೀಕ್ಷೆ ಇನ್ನೂ ನಡೆದೇ ಇದೆ! ಡಾ. ಉಪಾಧ್ಯೆ ಎದುರಾದರು. "ನಾ ಎಲ್ಲಾ ಕಂಪನಿಗೆ ಬರದು ಕಳಿಸೇನ್ರಿ. ಉತ್ತರ ಬಂದಿಲ್ಲ. ಬರೂತನಕ ನಿಲ್ಲಸಬ್ಯಾಡ ಅಂದಾರ" ಎಂದರು.

"ಉತ್ತರ ಬರೂತನಕ ಇವರು ಇರ್ತಾರೇನ್ರಿ?" ಎಂದೆ.

ಮೂಲೆಯಲ್ಲಿ ಕುಡಿಯುವ ನೀರಿನ ದೊಡ್ಡ ಸ್ಟೀಲಿನ ಡ್ರಮ್ಮು, ಮೇಲೆ ಲೋಟಗಳು. ಮಧ್ಯಾಹ್ನ ದಾಟಿತ್ತು, ಹೊರಗೆ ಬೆಂಕಿ ಬಿಸಿಲು, ಲೋಟ ಒಂದೂ ಒದ್ದೆಯಾಗಿರಲಿಲ್ಲ. ನನ್ನ ನೆತ್ತಿ ಸಿಡಿಯಿತು. ತುಂಬಿದ ಬಸ್ಸಿನ ಹಿಂದಿನ ಸೀಟಿಗೆ ಕೇಳುವಂಥ ದನಿ ತೆಗೆದೆ.

"ಏ ಅಣ್ಣಗೋಳ್ರಾ! ಯಾರ‍್ಯಾರಿಗೆ ನೀರಡಿಕಿ ಆಗೇತಿ, ಕೈ ಎತ್ರಿ!"

ಎಲ್ಲರೂ ನನ್ನನ್ನೇ ನೋಡಿದರು. ಒಂದು ಕೈಯೂ ಮೇಲೇಳಲಿಲ್ಲ.

"ಮುಂಜಾನಿಂದ ಯಾರರ ನೀರ ಕುಡದೀರೇನು?"

ಒಬ್ಬ ಹಮಾಲ ಮೀಸೆ ಸವರುತ್ತ ಹೇಳಿದ, "ಬೇಕನಸಿಲ್ಲ ಅಕ್ಕಾರ. ನಮಗೇನೂ ತ್ರಾಸಿಲ್ರಿ."

ನನ್ನ ಹಿಂದೆ ಲೋಟದ ಸದ್ದಾಯಿತು. ನಮ್ಮವರು ಡ್ರಮ್ಮಿನ ನಲ್ಲಿ ತಿರುವಿ ಲೋಟ ತುಂಬುತ್ತಿದ್ದರು. ನೀರು ಬೀಳುವ ಸದ್ದಿಗೆ ಅವರ ಗಂಟಲು ಮೇಲೆ ಕೆಳಗೆ ಆಡುತ್ತಿತ್ತು. ಕುಡಿದುಬಿಡುತ್ತಾರೆ ಅಂತ ನಾನು ಕೈ ಚಾಚಿದೆ. ಅವರು ನನ್ನನ್ನು ದಾಟಿ ಹೋಗಿ ಆ ಹಮಾಲನ ಕೈಗೆ ಲೋಟ ಕೊಟ್ಟರು.

"ತ್ರಾಸ ಐತಿ ತಮ್ಮಾ" ಎಂದರು. "ನಿನಗ ಕೇಳಸವಲ್ದು. ನನ್ನ ಜೋಡಿ ಮೌಲಾಲಿಗೂ ಕೇಳಸಲಿಲ್ಲ. ಗುಂಡಿ ಒತ್ತಬ್ಯಾಡ. ಹಂಗ ಕುಡಿ."

ಹಮಾಲ ಇವರ ಮುಖ ನೋಡಿದ, ತೋಳಿನ ಮೇಲಿನ ಸೂಜಿಯ ಗುರುತು ನೋಡಿದ, ಲೋಟ ಎತ್ತಿದ. ಪಟ್ಟಿ ಕಿರ್ರ್ ಎಂದಿತು. ಪಕ್ಕದವನಿಗೊಂದು ಲೋಟ, ಅವನದೂ ಕಿರ್ರ್. ನಾನೂ ಹಂಚಲು ನಿಂತೆ. ಬೆಂಚಿನಿಂದ ಬೆಂಚಿಗೆ ಕೈಗಳು ಬಾಯಿಗೆ ಹೋದವು, ಇಡೀ ಪಡಸಾಲೆ ಚೀರತೊಡಗಿತು. ಒಳಗಿನ ಗೋಡೆಯ ಮೇಲೆ ಚುಕ್ಕಿಗಳು ಒಂದೊಂದಾಗಿ ಕೆಂಪಾಗುವುದು ತೆರೆದ ಬಾಗಿಲಿನಿಂದ ಕಾಣುತ್ತಿತ್ತು. ಸಿಸ್ಟರ್ ಕಿವಿ ಮುಚ್ಚಿಕೊಂಡು ಓಡಿ ಬಂದರು.

"ಸರ್, ಪಟ್ಟಿ ಬಂದ್ ಮಾಡ್ಲೇನ್ರಿ?"

ಡಾ. ಉಪಾಧ್ಯೆ ಆ ಕೆಂಪು ಗೋಡೆಯನ್ನೇ ನೋಡುತ್ತ ನಿಂತಿದ್ದರು. "ಬ್ಯಾಡ" ಎಂದರು. "ಒದರಲಿ."

ನಮ್ಮವರು ಒಣಗಿದ ತುಟಿ ಸವರಿಕೊಂಡು ಮುಂದಿನ ಲೋಟ ತುಂಬಿದರು.